ಸಹಾಯ ಬೇಕು: ಮಲ್ಟಿಕಾಸ್ಟ್‌ಗೆ ಸ್ಪಾರ್ಸ್ ಮೋಡ್ ಇಡಲೋ, ಎಸ್‌ಎಸ್‌ಎಂಗೆ ಹೋಗಲೋ?

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕ್ಕೊಂಡಿದ್ದೀನಿ, ಗೊತ್ತಿರೋರು ದಯವಿಟ್ಟು ದಾರಿ ತೋರಿಸಿ.

ಆರು ರೂಟರ್‌ಗಳ ನೆಟ್‌ವರ್ಕ್. ಒಂದೇ ಸರ್ವರ್‌ನಿಂದ ಮಲ್ಟಿಕಾಸ್ಟ್‌ನಲ್ಲಿ (ಒಂದೇ ಸ್ಟ್ರೀಮ್ ಕೇಳಿದವರಿಗೆಲ್ಲ ತಲುಪೋ ಹಾಗೆ) ವಿಡಿಯೊ ಹೋಗುತ್ತೆ, ನೋಡೋರು ಎರಡೇ ರೂಟರ್‌ಗಳ ಹಿಂದೆ ಇದ್ದಾರೆ. ಮೊದಲು ಪಿಐಎಂ (ರೂಟರ್‌ಗಳ ಮಲ್ಟಿಕಾಸ್ಟ್ ಪ್ರೋಟೊಕಾಲ್) ಡೆನ್ಸ್ ಮೋಡ್ ಹಾಕಿದ್ದೆ, ಅದು ಎಲ್ಲಾ ಕಡೆ ಕಳಿಸಿ, ಬೇಡ ಅಂದ ಕಡೆ ನಿಲ್ಲಿಸುತ್ತೆ. ಸುಮಾರು 3 ನಿಮಿಷಕ್ಕೊಮ್ಮೆ ಪ್ರೂನ್ (ಹಾಗೆ ನಿಲ್ಲಿಸಿದ್ದರ) ಅವಧಿ ಮುಗಿದು, ಕೇಳೋರೇ ಇಲ್ಲದ ಲಿಂಕ್‌ಗಳಿಗೂ ವಿಡಿಯೊ ನುಗ್ತಿತ್ತು. ಸಣ್ಣ ಲಿಂಕ್‌ಗಳು ಪೂರ್ತಿ ತುಂಬಿಹೋಗ್ತಿದ್ದವು.

ಆಮೇಲೆ ಕೇಳಿದ ಕಡೆಗೆ ಮಾತ್ರ ಕಳಿಸೋ ಸ್ಪಾರ್ಸ್ ಮೋಡ್‌ಗೆ ಬದಲಾಯಿಸಿ, ಒಂದು ರೂಟರನ್ನ ಆರ್‌ಪಿ (ಕಳಿಸೋರನ್ನೂ ನೋಡೋರನ್ನೂ ಮೊದಲು ಸೇರಿಸೋ ಜಾಗ) ಮಾಡಿದೆ. ಆ ಸಮಸ್ಯೆ ಹೋಯ್ತು. ಆದರೆ ನಿನ್ನೆ ಆ ಆರ್‌ಪಿ ರೀಬೂಟ್ ಆದಾಗ, ಆಗಲೇ ನೋಡ್ತಿದ್ದವರಿಗೆ ಚಿತ್ರ ನಿಲ್ಲಲಿಲ್ಲ, ಹೊಸದಾಗಿ ಸೇರಿದವರಿಗೆ ಮಾತ್ರ ಬರೀ ಕಪ್ಪು ಪರದೆ. ಇದೇ ನನಗೆ ಭಯ.

ಸೋರ್ಸ್ (ಕಳಿಸೋ ಸರ್ವರ್) ಒಂದೇ ಇರೋದ್ರಿಂದ ಎಸ್‌ಎಸ್‌ಎಂ (ಯಾವ ಸೋರ್ಸ್ ಬೇಕು ಅಂತ ನೋಡೋ ಸಾಧನವೇ ಹೇಳೋ ವಿಧಾನ) ಸರಿ ಅನ್ಸುತ್ತೆ, ಅದಕ್ಕೆ ಆರ್‌ಪಿನೇ ಬೇಡ. ತೊಡಕು ಏನಂದ್ರೆ, ಹಳೇ ಸೆಟ್‌ಟಾಪ್ ಬಾಕ್ಸ್‌ಗಳಿಗೆ ಐಜಿಎಂಪಿ (ಸಾಧನ ತನಗೆ ಬೇಕಾದ ಸ್ಟ್ರೀಮನ್ನ ರೂಟರ್‌ಗೆ ಕೇಳೋ ಪ್ರೋಟೊಕಾಲ್) ಆವೃತ್ತಿ 2 ಮಾತ್ರ ಗೊತ್ತು, ಸೋರ್ಸ್ ವಿಳಾಸ ಹೇಳೋಕೆ ಅವಕ್ಕೆ ಬರಲ್ಲ.

ಹೊಸ ಸಾಧನಗಳಿಗೆ 232.0.0.0/8 ಮಲ್ಟಿಕಾಸ್ಟ್ ವಿಳಾಸಗಳಲ್ಲಿ ಎಸ್‌ಎಸ್‌ಎಂ, ಹಳೇವಕ್ಕೆ 239ರಿಂದ ಶುರುವಾಗೋ ಗ್ರೂಪ್ ವಿಳಾಸದಲ್ಲಿ ಸ್ಪಾರ್ಸ್ ಮೋಡ್, ಹೀಗೆ ಎರಡನ್ನೂ ಒಟ್ಟಿಗೆ ಓಡಿಸೋದು ಒಳ್ಳೇದಾ? ಇಲ್ಲಾ ರೂಟರ್‌ನಲ್ಲೇ ಎಸ್‌ಎಸ್‌ಎಂ ಮ್ಯಾಪಿಂಗ್ (ಹಳೇ ಸಾಧನದ ಪರವಾಗಿ ರೂಟರೇ ಸೋರ್ಸ್ ವಿಳಾಸ ಸೇರಿಸೋದು) ಹಾಕಿ ಆರ್‌ಪಿಯನ್ನೇ ತೆಗೆದುಬಿಡಲಾ? ಮಾಡಿ ನೋಡಿದವರು ಯಾವುದು ಅಂತ ಹೇಳಿ.