ಪದಚರ್ಚೆ: ‘ಋಣ ಒತ್ತಡ’ ಅಂದರೆ ಸಾಲದ ಒತ್ತಡವೇ?

ನಮಸ್ಕಾರ. ಕಾಲಿನ ಎಲುಬು ಮುರಿದು, ಮೇಲಿನ ಚರ್ಮ-ಮಾಂಸವೂ ಹರಿದವರಿಗಾಗಿ ಒಂದು ತಿಳಿವಳಿಕೆ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಹೆಚ್ಚಾಗಿ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರು. ಗಾಯಕ್ಕೆ ಯಂತ್ರ ಹಚ್ಚಿ ಒಸರು ಹೀರಿ ತೆಗೆಯುವ ‘ನೆಗೆಟಿವ್ ಪ್ರೆಶರ್’ ಚಿಕಿತ್ಸೆಯ ಹೆಸರಿನಲ್ಲಿ ಬಂಡಿ ನಿಂತಿದೆ.

ಮೊದಲು ಗಣಿತದ ‘ಋಣ’ (ಮೈನಸ್) ಹಿಡಿದು ‘ಋಣ ಒತ್ತಡ ಚಿಕಿತ್ಸೆ’ ಎಂದು ಬರೆದಿದ್ದೆ. ಕರಡು ಓದಿದ ಶಿಗ್ಗಾಂವಿ ಕಡೆಯ ರೈತರೊಬ್ಬರು “ಸಾಲದ ಚಿಂತಿಗೂ ಇಲ್ಲೇ ಔಷಧ ಕೊಡತಾರೇನ್ರಿ?” ಅಂದರು. ‘ನಕಾರಾತ್ಮಕ ಒತ್ತಡ’ ಅಂದರಂತೂ ಜನ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬಸ್ ಹತ್ತಿಯಾರು.

ತೊಡಕು ‘ಋಣ’ದ್ದಷ್ಟೇ ಅಲ್ಲ. ‘ಒತ್ತಡ’ ಹುಟ್ಟಿದ್ದು ಒತ್ತುವುದರಿಂದ. ಈ ಯಂತ್ರ ಒತ್ತುವುದಿಲ್ಲ, ಜಗ್ಗುತ್ತದೆ. ಗಾಯದೊಳಗೆ ಸ್ಪಂಜು ಇಟ್ಟು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೊಳವೆಯಿಂದ ಪಂಪು ಹೀರುತ್ತದೆ. ಆಗ ಪಟ್ಟಿಯೊಳಗಿನ ಒತ್ತಡ ಸಾಮಾನ್ಯವಾಗಿ ಹೊರಗಿನ ಗಾಳಿಯದಕ್ಕಿಂತ 125 ಮಿ.ಮೀ. ಪಾದರಸದಷ್ಟು ಕಡಿಮೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760; ಅದರಲ್ಲಿ 125 ಕಳೆದರೂ 635 ಉಳಿಯಿತಲ್ಲ! ಸೊನ್ನೆಗಿಂತ ಕೆಳಗೆ ಇಳಿಯಲೇ ಇಲ್ಲ ಅಂದಮೇಲೆ ಋಣವೆಲ್ಲಿ ಬಂತು?

ವಾರ್ಡಿನಲ್ಲಿ ಇದಕ್ಕೆ “ವ್ಯಾಕ್ ಹಚ್ಚ್ಯಾರ” ಅಂತಾರೆ (ಇಂಗ್ಲಿಷಿನ ‘ವ್ಯಾಕ್ಯೂಮ್’ನಿಂದ ಬಂದ ಚುಟುಕು ಹೆಸರು), ಮಾತು ಅಲ್ಲಿಗೆ ಮುಗಿಯಿತು. ಆದರೆ ಮೊದಲ ಸಲ ಕೇಳುವವರಿಗೆ ಅದು ಏನನ್ನೂ ಹೇಳುವುದಿಲ್ಲ. ನನ್ನ ಒಲವು ‘ಹೀರುಪಟ್ಟಿ’ಯ ಕಡೆಗೆ. (ನಮ್ಮಲ್ಲಿ ಪಟ್ಟಿ ಅಂದರೆ ಜಾತ್ರೆಗೆ ಎತ್ತುವ ವಂತಿಗೆಯೂ ಹೌದು, ಗಾಯದ ಪಕ್ಕದಲ್ಲಿ ಆ ಗೊಂದಲವಾಗದು.) ಅಳುಕು ಇರುವುದು ‘ಹೀರು’ವಿನ ಮೇಲೆ. ಸುಶ್ರುತ ಸಂಹಿತೆಯ ಶೃಂಗ, ಅಂದರೆ ಕೊಂಬು, ಹೀರುತ್ತಿದ್ದುದು ರಕ್ತವನ್ನೇ. ಇಲ್ಲಿ ಹೀರಬೇಕಾದ್ದು ಗಾಯದ ಒಸರು; ಕೊಳವೆಯಲ್ಲಿ ರಕ್ತ ಹೆಚ್ಚಾಗಿ ಕಂಡರೆ ಅದು ಅಪಾಯದ ಗುರುತು. ‘ಒಸರುಪಟ್ಟಿ’ ಅನ್ನೋಣವೇ? ಪಟ್ಟಿಯೇ ಒಸರುತ್ತಿದೆ ಅನ್ನಿಸುತ್ತದೆ.

‘ಚಿಕಿತ್ಸೆ’ ಬಿಟ್ಟು ‘ಪಟ್ಟಿ’ ಹಿಡಿದದ್ದಕ್ಕೆ ಇನ್ನೊಂದು ಕಾರಣವಿದೆ. ಇಂಥದೇ ತೀವ್ರ ಗಾಯದ 460 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾದಾ ಪಟ್ಟಿ ಕಟ್ಟಿಸಿಕೊಂಡವರಿಗೂ ಈ ಹೀರುವ ಪಟ್ಟಿಯವರಿಗೂ ವರ್ಷದ ಬಳಿಕ ದಿನದ ಓಡಾಟ-ಕೆಲಸದ ಅಡಚಣೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ‘ಸಾದಾಪಟ್ಟಿ–ಹೀರುಪಟ್ಟಿ’ ಅಂದರೆ ಅಕ್ಕ-ತಂಗಿಯರಂತೆ ಕೂತಾವು. ‘ಚಿಕಿತ್ಸೆ’ ಸೇರಿಸಿದರೆ ಒಂದಕ್ಕೆ ಮಾತ್ರ ರೇಷ್ಮೆ ಪೇಟ ಸುತ್ತಿದಂತೆ.

ಜೊತೆಗೆ ‘ಓಪನ್ ಫ್ರ್ಯಾಕ್ಚರ್’ ಎಂಬುದಕ್ಕೂ ಕನ್ನಡ ಪದ ಬೇಕು. “ಎಲುಬು ಹೊರಗ ಬಂದದ” ಎಂಬ ರೂಢಿಯ ಮಾತು ಸಾಲದು. ಎಲುಬು ಕಾಣದಿದ್ದರೂ ಗಾಯ ಮುರಿತದವರೆಗೆ ಇಳಿದಿದ್ದರೆ ಅದು ಓಪನ್ನೇ. ‘ತೆರೆದ ಮುರಿತ’ ತೀರ ಕಿಟಕಿ-ಬಾಗಿಲಿನಂತೆ ಕೇಳುತ್ತದೆ. ಗಾಯ ಬಾಯಿಬಿಟ್ಟಿದೆ ಅನ್ನುತ್ತೇವಲ್ಲ, ಹಾಗೆ ‘ಬಾಯಿಬಿಟ್ಟ ಮುರಿತ’ ನಡೆದೀತೇ? ಮೈಸೂರು, ಮಂಗಳೂರು ಕಡೆಯ ಆಸ್ಪತ್ರೆಗಳಲ್ಲಿ ಏನನ್ನುತ್ತಾರೆ, ತಿಳಿದವರು ಬರೆಯಿರಿ.