ಫುಟ್‌ಪಾತಿನ ಮೇಲೆ ಅಂಗಡಿ ಬೋರ್ಡ್: ಮುಂಬಯಿಯ ನಿಯಮ ಏನು ಹೇಳುತ್ತದೆ? (ಪ್ರಶ್ನೋತ್ತರ)

ಅಡ್ಮಿನ್: ಬೋರ್ಡ್ ವಿಷಯದಲ್ಲಿ ನಮ್ಮ ಕನ್ನಡ ವ್ಯಾಪಾರಿಗಳ ಗುಂಪಿನವರು ಕೇಳಿದ ಪ್ರಶ್ನೆಗಳಿಗೆ, ಪಾಲಿಕೆಯ ಕೇಸುಗಳನ್ನೇ ಹೆಚ್ಚಾಗಿ ನಡೆಸುವ ನಮ್ಮ ವಕೀಲರು ಉತ್ತರ ಬರೆದಿದ್ದಾರೆ. ಕೇಳಿದವರ ಹೆಸರು ತೆಗೆದು ಊರು, ಕಸುಬು ಮಾತ್ರ ಉಳಿಸಿದ್ದೇನೆ. ಹೊಸ ಪ್ರಶ್ನೆ ಇದ್ದರೆ ಇದರ ಕೆಳಗೇ ಹಾಕಿ, ಪ್ರತ್ಯೇಕ ಮೆಸೇಜ್ ಬೇಡ.

ಪ್ರಶ್ನೆ (ಮಾಟುಂಗಾ, ತಿಂಡಿ ಹೋಟೆಲ್): ವಕೀಲರೇ ನಮಸ್ಕಾರ. ನಮ್ಮದು ಸಣ್ಣ ಹೋಟೆಲ್, ಹತ್ತು ಹನ್ನೆರಡು ಮಂದಿ ಕೂತರೆ ಒಳಗೆ ಜಾಗ ಮುಗಿಯಿತು. ಬಾಗಿಲೆದುರು ಮಡಚುವ ಕಾಲಿನ ಒಂದು ಕರಿ ಬೋರ್ಡ್ ಇಟ್ಟು, ಸೀಮೆಸುಣ್ಣದಲ್ಲಿ "ಇವತ್ತು ಪತ್ರೊಡೆ, ನೀರುದೋಸೆ" ಎಂದು ಬರೆಯುತ್ತಿದ್ದೆವು. ಗಾಳಿಗೆ ಬೀಳದ ಹಾಗೆ ಕಾಲಿಗೆ ಇಟ್ಟಿಗೆ ಕಟ್ಟಿದ್ದೆವು. ಮೊನ್ನೆ ಪಾಲಿಕೆಯ ಗಾಡಿ ಬಂದು ಇಟ್ಟಿಗೆ ಸಮೇತ ಎತ್ತಿ ಹಾಕಿಕೊಂಡು ಹೋಯಿತು. ನೋಟಿಸ್ ಇಲ್ಲ, ಏನಿಲ್ಲ. ಹಾಗೆ ಒಯ್ಯಬಹುದಾ? ಇನ್ನು ಲೈಸೆನ್ಸ್ ಮಾಡಿಸಿಯೇ ಇಡೋಣ ಎಂದರೆ ಎಷ್ಟು ಖರ್ಚಾದೀತು?

ಉತ್ತರ: ಖರ್ಚಿನ ಮಾತು ಮೊದಲು ಮುಗಿಸುತ್ತೇನೆ. ಮುಂಬಯಿ ಮಹಾನಗರ ಪಾಲಿಕೆಯ 1888ರ ಕಾಯ್ದೆಯ ಕಲಂ 313 ನೋಡಿ. ಕುರ್ಚಿ, ಬೆಂಚು, ಪೆಟ್ಟಿಗೆ, ಏಣಿ, ಇಂಥ ಯಾವುದನ್ನೂ ಪಾಲಿಕೆ ಕಮಿಷನರ ಅನುಮತಿ ಇಲ್ಲದೆ ರಸ್ತೆಯಲ್ಲಿ ಅಡ್ಡವಾಗುವಂತೆ ಇಡಬಾರದು ಎನ್ನುತ್ತದೆ ಅದು. ಫುಟ್‌ಪಾತ್ ಕೂಡ ರಸ್ತೆಯೇ. ಕಾಗದದ ಮೇಲೆ "ಅನುಮತಿ" ಎಂಬ ಮಾತಿದ್ದರೂ, ಹೋಟೆಲಿನ ಮೆನು ಬೋರ್ಡಿಗೆ ಅಂಥ ಅನುಮತಿ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಯಾರಾದರೂ "ನಾನು ಮಾಡಿಸಿಕೊಡ್ತೇನೆ, ತಿಂಗಳಿಗೆ ಇಷ್ಟು ಕೊಡಿ" ಎಂದರೆ ಅದು ಫೀಸಲ್ಲ, ಹಫ್ತಾ. ಫೀಸ್ ಆದರೆ ರಸೀದಿ ಸಿಗಬೇಕು, ಆ ರಸೀದಿಯಲ್ಲಿ ಯಾವುದಕ್ಕೆ ಕಟ್ಟಿದ್ದು ಎಂದು ಬರೆದಿರಬೇಕು.

ನೋಟಿಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಲಂ 314ರ ಪ್ರಕಾರ, 312 ಮತ್ತು 313ಕ್ಕೆ ವಿರುದ್ಧವಾಗಿ ರಸ್ತೆಯಲ್ಲಿ ಇಟ್ಟದ್ದನ್ನು ಕಮಿಷನರು ನೋಟಿಸ್ ಕೊಡದೆಯೇ ತೆಗೆಸಬಹುದು. ಈ ಕಲಂ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್‌ವರೆಗೂ ವಾದ ನಡೆದಿದೆ. ಅದೇ 1985ರ ಓಲ್ಗಾ ಟೆಲಿಸ್ ಪ್ರಕರಣ, ಇದೇ ಊರಿನ ಫುಟ್‌ಪಾತ್ ವಾಸಿಗಳದ್ದು. ಕೋರ್ಟ್ ಕಲಮನ್ನು ಎತ್ತಿಹಿಡಿಯಿತು. ಆದರೆ ನೋಟಿಸ್ ಕೊಡದಿರುವುದು ಅಪವಾದವಾಗಿರಬೇಕು, ಎದುರಿನವರ ಮಾತು ಕೇಳುವುದೇ ವಾಡಿಕೆಯಾಗಬೇಕು ಎಂದೂ ಹೇಳಿತು. ಮನೆ ಒಡೆಯುವ ಕೇಸಿನಲ್ಲಿ ಆ ಮಾತಿಗೆ ತುಂಬಾ ತೂಕ. ಮಡಚುವ ಬೋರ್ಡಿಗೆ ಅದನ್ನು ಹಿಡಿದುಕೊಂಡು ಹೈಕೋರ್ಟ್ ಮೆಟ್ಟಿಲು ಹತ್ತಿದರೆ ಬೋರ್ಡಿನ ನೂರು ಪಟ್ಟು ನನ್ನ ಫೀಸೇ ಆಗುತ್ತದೆ, ಬಿಡಿ. ದಂಡ ಕಟ್ಟಿ ಬಿಡಿಸಿಕೊಳ್ಳುವುದಕ್ಕಿಂತ ಹೊಸದು ಮಾಡಿಸುವುದು ಅಗ್ಗವಾದರೆ ಹಾಗೇ ಮಾಡಿ. ಆದರೆ ಅದೇ ಜಾಗಕ್ಕೆ ಇಡಬೇಡಿ.

ಹಾಗಾದರೆ ಎಲ್ಲಿ? ಒಂದು ಟೇಪ್ ಹಿಡಿದು ಅಂಗಡಿಯ ಮುಂದೆ ನಿಲ್ಲಿ. ನಿಮ್ಮ ಶಟರ್ ಇಳಿಯುವ ಗೆರೆಗೂ ಫುಟ್‌ಪಾತಿನ ಕಲ್ಲು ಶುರುವಾಗುವ ಗೆರೆಗೂ ನಡುವೆ ಕಟ್ಟೆಯೋ ಮೆಟ್ಟಿಲೋ ಇದೆಯಾ? ಮಾಟುಂಗಾದ ಹಳೆ ಕಟ್ಟಡಗಳಲ್ಲಿ ಒಂದೆರಡು ಅಡಿ ಇರುವುದುಂಟು. ಅದು ನಿಮ್ಮ ಕಟ್ಟಡದ ಪ್ಲಾಟಿನೊಳಗೋ ಪಾಲಿಕೆಯದ್ದೋ ಎಂಬುದು ಸಿಟಿ ಸರ್ವೆ ನಕ್ಷೆಯಲ್ಲಿ ಗೊತ್ತಾಗುತ್ತದೆ. ಪ್ಲಾಟಿನೊಳಗಿದ್ದರೆ 313ರ ಮಾತೇ ಬರುವುದಿಲ್ಲ, ಮಾಲಿಕರನ್ನೋ ಸೊಸೈಟಿಯನ್ನೋ (ಕಟ್ಟಡದವರ ಸಂಘ) ಕೇಳಿಕೊಂಡರೆ ಆಯಿತು. ಅದೂ ಇಲ್ಲವೆಂದರೆ ಒಳಕ್ಕೆ ತೆರೆಯುವ ಬಾಗಿಲಿನ ರೆಕ್ಕೆಗೇ ಕರಿ ಬಣ್ಣ ಹೊಡೆಸಿ. ಬಾಗಿಲು ತೆಗೆದಾಗ ಪತ್ರೊಡೆ ರಸ್ತೆಗೆ ಕಾಣಬೇಕು, ಬೋರ್ಡಿನ ಕಾಲು ಮಾತ್ರ ಹೊಸ್ತಿಲು ದಾಟಬಾರದು.

ಮಧ್ಯದಲ್ಲಿ (ಅಂಧೇರಿ, ಸ್ಟೇಷನರಿ): ಜನ ನಡೆಯೋದಕ್ಕೆ ಎಷ್ಟು ಜಾಗ ಬೇಕು ಸರ್? ನಮ್ಮ ಫುಟ್‌ಪಾತ್ ಅಗಲವಾಗಿದೆ, ಒಂದು ಬೋರ್ಡ್ ಇಟ್ಟರೆ ಯಾರಿಗೂ ತೊಂದರೆ ಇಲ್ಲ.

ಉತ್ತರ: ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಡೆತಡೆ ಇಲ್ಲದ ಅಗಲ ಕೇಳುತ್ತದೆ, ಎತ್ತರ 2.2 ಮೀಟರ್. ನಿಮ್ಮ ಫುಟ್‌ಪಾತಿನಲ್ಲಿ ಮರ, ದೀಪದ ಕಂಬ, ಕರೆಂಟಿನ ಪೆಟ್ಟಿಗೆ, ನಿಲ್ಲಿಸಿದ ಸ್ಕೂಟರ್ ಎಲ್ಲ ಕಳೆದು ಅಳೆಯಿರಿ, ಎಷ್ಟು ಉಳಿಯುತ್ತದೆ ನೋಡೋಣ. "ನನ್ನದೊಂದು ಬೋರ್ಡ್" ಎಂದು ಸಾಲಿನ ಇಪ್ಪತ್ತು ಅಂಗಡಿಯವರೂ ಹೇಳುತ್ತಾರೆ. ಕಣ್ಣು ಕಾಣದವರು, ಗಾಲಿಕುರ್ಚಿಯವರು ರಸ್ತೆಗೆ ಇಳಿಯುವುದು ಹೀಗೇ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲರಿಗೂ ಅನುಕೂಲವಾದ, ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಎಂದಿದೆ. ಇನ್ನು ಮುಂದೆ "ಯಾರಿಗೂ ತೊಂದರೆ ಇಲ್ಲ" ಎಂಬ ವಾದ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಪೊಲೀಸರೂ ಬರಬಹುದು: ಭಾರತೀಯ ನ್ಯಾಯ ಸಂಹಿತೆಯ 285ರಲ್ಲಿ ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ 5,000 ರೂಪಾಯಿವರೆಗೆ ದಂಡ.

ಪ್ರಶ್ನೆ (ಘಾಟ್‌ಕೋಪರ್, ಲೇಡೀಸ್ ಟೈಲರ್): ಸರ್, ನಂದು ಮೊದಲನೇ ಮಾಳಿಗೆ. ಕೆಳಗೆ ಮೊಬೈಲ್ ಅಂಗಡಿ, ಪಕ್ಕದಲ್ಲಿ ಕತ್ತಲೆ ಮೆಟ್ಟಿಲು. ಕೆಳಗೆ ಸ್ಟ್ಯಾಂಡ್ ಇಡದಿದ್ದರೆ ಮೇಲೊಬ್ಬಳು ಬ್ಲೌಸ್ ಹೊಲಿಯುತ್ತಾಳೆಂದು ಯಾರಿಗೆ ಗೊತ್ತಾಗಬೇಕು? ಹಳೆ ಗಿರಾಕಿಗಳು ಬರ್ತಾರೆ. ಹೊಸಬರು ಬರೋದು ಆ ಬೋರ್ಡ್ ನೋಡಿಯೇ.

ಉತ್ತರ: ಅಕ್ಕಾ, ಈ ನಿಯಮದ ಪೆಟ್ಟು ನಿಜವಾಗಿ ಬೀಳುವುದು ನಿಮ್ಮಂಥವರಿಗೆ. ರಸ್ತೆಗೆ ಮುಖ ಮಾಡಿದ ಅಂಗಡಿಯವರಿಗೆ ಶಟರ್ ಮೇಲೆ ಉದ್ದಕ್ಕೆ ಹೆಸರಿರುತ್ತದೆ, ಸ್ಟ್ಯಾಂಡ್ ಹೋದರೂ ಬದುಕುತ್ತಾರೆ. ಮಾಳಿಗೆಯವರು, ಗಲ್ಲಿ ಒಳಗಿನವರು, ನೆಲಮಾಳಿಗೆಯವರು ಕಾಣದೇ ಹೋಗುತ್ತಾರೆ. ಇದು ನಮ್ಮ ಊರೊಂದರ ಕಥೆಯಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ 2018ರಲ್ಲಿ ಇಡೀ ನಗರದಲ್ಲಿ ಇಂಥ ಬೋರ್ಡ್ ನಿಷೇಧಿಸಿದಾಗಲೂ ಅಂಥ ಅಂಗಡಿಯವರೇ ಹೆಚ್ಚು ಕೂಗಿದ್ದು. ನನ್ನನ್ನು ಕೇಳಿದರೆ, ಇಂಥವರಿಗಾಗಿ ಗಲ್ಲಿಯ ಬಾಯಲ್ಲಿ ಒಂದು ಸಾಮಾನ್ಯ ಫಲಕ ಹಾಕಿ ಬಾಡಿಗೆ ತೆಗೆದುಕೊಳ್ಳುವುದು ಪಾಲಿಕೆಗೆ ಕಷ್ಟವೇನಲ್ಲ. ಆ ಬೇಡಿಕೆಯನ್ನು ವ್ಯಾಪಾರಿಗಳು ಒಟ್ಟಾಗಿ ಇಡಬೇಕು, ಒಬ್ಬೊಬ್ಬರೇ ಹೋದರೆ ಆಗದು.

ಆದರೆ ಈಗಿರುವ ಕಾಯ್ದೆಯಲ್ಲೇ ನಿಮಗೊಂದು ದಾರಿ ಇದೆ, ಅದನ್ನು ಬಳಸುವವರು ಕಡಿಮೆ. ಜಾಹೀರಾತಿಗೆ ಅನುಮತಿ ಬೇಕೆನ್ನುವುದು ಕಲಂ 328ಎ. ಅದೇ ಕಲಂನಲ್ಲಿ ವಿನಾಯಿತಿಯೂ ಇದೆ. ದೀಪವಿಲ್ಲದ, ಚಾವಣಿಯ ಮೇಲೆ ಆಕಾಶಕ್ಕೆ ನಿಲ್ಲಿಸದ ಬೋರ್ಡ್ ಆಗಿರಬೇಕು. ಅದು ಕಿಟಕಿಯ ಒಳಗಿದ್ದರೆ, ಅಥವಾ ಹಾಕಿದ ಕಟ್ಟಡದಲ್ಲೇ ನಡೆಯುವ ವ್ಯಾಪಾರಕ್ಕೆ ಸಂಬಂಧಿಸಿದ್ದರೆ, ಅನುಮತಿ ಬೇಡ. ಗಮನಿಸಿ, "ಕಟ್ಟಡದಲ್ಲಿ" ಎಂದಿದೆ. ನೀವು ಮೇಲಿದ್ದರೂ ಅದೇ ಕಟ್ಟಡದ ಕೆಳಗಿನ ಗೋಡೆ, ಮೆಟ್ಟಿಲಿನ ಬಾಯಿ ಎಲ್ಲವೂ ಇದರೊಳಗೆ ಬರುತ್ತದೆ ಎಂಬುದು ನನ್ನ ಓದು. ನಿಮ್ಮದು ಪಗಡಿ (ಮುಂಗಡ ಕೊಟ್ಟು ಹಳೆ ಬಾಡಿಗೆಗೆ ಇರುವ) ಕಟ್ಟಡವಾದರೆ ಮಾಲಿಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ, ಸೊಸೈಟಿಯಾದರೆ ಕಮಿಟಿಯ ಪತ್ರ. ಗೋಡೆಗೆ ಅಂಟಿಕೊಂಡ ತಗಡಿನ ಬೋರ್ಡ್, ಬಾಣದ ಗುರುತು, "ಮೇಲೆ ಬನ್ನಿ" ಎಂಬ ಒಂದು ಸಾಲು. ಮಾಳಿಗೆಯ ಕಿಟಕಿ ಗಾಜಿಗೆ ದೊಡ್ಡ ಅಕ್ಷರ. ಎದುರಿನ ದೀಪದ ಕಂಬಕ್ಕೆ ಕಟ್ಟಬೇಡಿ, ಮರಕ್ಕೆ ಮೊಳೆ ಹೊಡೆಯಲೇಬೇಡಿ. ಆಸ್ತಿಯ ವಿರೂಪ ತಡೆಯುವ 1995ರ ರಾಜ್ಯ ಕಾಯ್ದೆಯಲ್ಲಿ ಮೂರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಮರದ ಕಾಯ್ದೆ ಬೇರೆಯೇ.

ಅದೇ ಟೈಲರ್: ಮೆಟ್ಟಿಲು ಕತ್ತಲೆ ಅಂದೆನಲ್ಲ ಸರ್, ಬೋರ್ಡಿಗೆ ಒಂದು ಎಲ್‌ಇಡಿ ಪಟ್ಟಿ ಅಂಟಿಸಿದರೆ?

ಉತ್ತರ: ಅಲ್ಲೇ ವಿನಾಯಿತಿ ಹೋಯಿತು. ದೀಪ ಬಂತೆಂದರೆ ಪಾಲಿಕೆಯ ವಾರ್ಡ್ ಆಫೀಸಿನ ಲೈಸೆನ್ಸ್ ವಿಭಾಗಕ್ಕೆ ಅರ್ಜಿ, ಅಳತೆ, ಫೀಸು, ಪ್ರತಿ ಸಲ ನವೀಕರಣ. ಮೆಟ್ಟಿಲಿನ ದೀಪ ಸೊಸೈಟಿಯವರಿಂದ ಸರಿ ಮಾಡಿಸಿ. ಅದು ಮೆಟ್ಟಿಲಿಗೆ ಬೆಳಕು, ಬೋರ್ಡಿಗಲ್ಲ.

ಪ್ರಶ್ನೆ (ಮುಲುಂಡ್, ಎಲ್‌ಬಿಎಸ್ ರಸ್ತೆ, ಹೋಟೆಲ್): ಮಾರಾಯ್ರೆ, ನಮ್ಮ ಎದುರು ಮೆಟ್ರೋ 4ರ ಕಾಮಗಾರಿಯ ತಗಡಿನ ಬೇಲಿ ನಿಂತು ವರ್ಷಗಳೇ ಆದವು. ರಸ್ತೆಯ ಆಚೆಯಿಂದ ಹೋಟೆಲ್ ಕಾಣುವುದೇ ಇಲ್ಲ. ಆ ತಗಡಿನ ಮೇಲೆ "ಹೋಟೆಲ್ ತೆರೆದಿದೆ" ಎಂದು ಒಂದು ಫ್ಲೆಕ್ಸ್ ಕಟ್ಟಿದರೆ ಯಾರ ಗಂಟು ಹೋಗುತ್ತದೆ?

ಉತ್ತರ: ಗಂಟು ಯಾರದ್ದೂ ಹೋಗುವುದಿಲ್ಲ, ಆದರೆ ತಗಡು ನಿಮ್ಮದಲ್ಲ. ಅನುಮತಿ ಇಲ್ಲದೆ ಕಟ್ಟಿದರೆ ಜಾಹೀರಾತಿನ ಕಲಂ, ವಿರೂಪದ ಕಾಯ್ದೆ ಎರಡೂ ತಗಲುತ್ತವೆ. ನಿಮ್ಮ ಸಾಲಿನ ಅಂಗಡಿಗಳೆಲ್ಲ ಸೇರಿ, ಮೆಟ್ರೋ ಕಟ್ಟಿಸುವ ಸರ್ಕಾರಿ ಸಂಸ್ಥೆಯಾದ ಎಂಎಂಆರ್‌ಡಿಎಗೆ ಒಂದು ಅರ್ಜಿ ಕೊಡಿ: ಜನ ದಾಟುವ ಕಡೆ ತಗಡು ಬಿಡಿಸಿ, ಅಲ್ಲಿ ಅಂಗಡಿಗಳ ಹೆಸರಿನ ಒಂದೇ ಫಲಕ ಅವರೇ ಹಾಕಲಿ. ಅರ್ಜಿಯ ಒಂದು ಪ್ರತಿಯನ್ನು ಪಾಲಿಕೆಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆಗುತ್ತದೆಂದು ಮಾತು ಕೊಡಲಾರೆ, ಆದರೆ ದಾರಿ ಅದೇ.

ಪ್ರತಿಕ್ರಿಯೆ (ಭಾಂಡುಪ್, ಬೇಕರಿ): ದೊಡ್ಡವರು ಆಕಾಶದೆತ್ತರ ಹೋರ್ಡಿಂಗ್ ಹಾಕಿದರೆ ಕಣ್ಣಿಗೆ ಬೀಳುವುದಿಲ್ಲ, ನಮ್ಮ ಮೂರಡಿ ಬೋರ್ಡ್ ಎಲ್ಲರ ಕಣ್ಣಿಗೂ ಬೀಳುತ್ತದೆ!

ಉತ್ತರ: ನಿಮ್ಮ ಸಿಟ್ಟು ಸುಳ್ಳಲ್ಲ. 2024ರ ಮೇ 13ರ ಗಾಳಿಮಳೆಗೆ ಘಾಟ್‌ಕೋಪರ್‌ನ ಛೇಡಾ ನಗರದಲ್ಲಿ ಪೆಟ್ರೋಲ್ ಪಂಪಿನ ಮೇಲೆ ಬಿದ್ದ ಹೋರ್ಡಿಂಗ್ 120 ಅಡಿಗೆ 120 ಅಡಿ. ಪಾಲಿಕೆ ಒಪ್ಪುವ ಮಿತಿ 40ಕ್ಕೆ 40. ಅಂದರೆ ವಿಸ್ತೀರ್ಣದಲ್ಲಿ ಒಂಬತ್ತು ಪಟ್ಟು. 17 ಜನ ಸತ್ತರು. ಅಷ್ಟು ದೊಡ್ಡದು ಅಲ್ಲಿ ನಿಂತಿದ್ದನ್ನು ಈ ಊರೆಲ್ಲ ನೋಡಿತ್ತು. ದೊಡ್ಡದನ್ನು ಇಳಿಸಲು ಕ್ರೇನ್ ಬೇಕು, ಪೊಲೀಸ್ ಬಂದೋಬಸ್ತ್ ಬೇಕು, ಎದುರು ವಕೀಲರಿರುತ್ತಾರೆ. ನಿಮ್ಮದಕ್ಕೆ ಎರಡು ಕೈ ಸಾಕು. ಹೀಗಿದ್ದರೂ "ಅವರದ್ದಿದೆ, ಆದ್ದರಿಂದ ನನ್ನದೂ ಇರಲಿ" ಎಂಬುದನ್ನು ಯಾವ ಕೋರ್ಟೂ ಕೇಳುವುದಿಲ್ಲ.

ಪ್ರಶ್ನೆ (ಸಾಯನ್, ಕಿರಾಣಿ): ಕೂಲ್‌ಡ್ರಿಂಕ್ ಕಂಪನಿಯವರು ಗ್ಲೋ ಸೈನ್ ಫ್ರೀ ಕೊಡ್ತಾರಂತ್ರೀ. ನಮ್ಮ ಹೆಸರು ಕೆಳಗ ಸಣ್ಣದಾಗಿ ಹಾಕ್ತಾರ. ತಗೋಬಹುದೇನ್ರೀ?

ಉತ್ತರ: ತಗೊಳ್ಳುವ ಮೊದಲು ಲೈಸೆನ್ಸ್ ಯಾರ ಹೆಸರಿಗೆ, ನವೀಕರಣದ ದುಡ್ಡು ಯಾರು ಕೊಡುವುದು ಎಂದು ಬರೆಸಿಕೊಳ್ಳಿ. ದೀಪ ಇರುವುದರಿಂದ ಅನುಮತಿ ಬೇಕೇ ಬೇಕು. ಮುಕ್ಕಾಲು ಭಾಗ ಕಂಪನಿಯ ಹೆಸರಿದ್ದರೆ ಅದು ಅಂಗಡಿಯ ಬೋರ್ಡ್ ಎಂದು ವಾದಿಸುವುದೂ ಕಷ್ಟ. ನೋಟಿಸ್ ಬರುವ ಹೊತ್ತಿಗೆ ಆ ಸೇಲ್ಸ್ ಹುಡುಗ ಬೇರೆ ಕಂಪನಿಯಲ್ಲಿರುತ್ತಾನೆ, ನೀವು ಮಾತ್ರ ಅದೇ ಗಲ್ಲಾದ ಹಿಂದೆ.

ಪ್ರಶ್ನೆ (ಡೊಂಬಿವಲಿ, ಫರಸಾಣ್ ಅಂಗಡಿ): ನಮಗೂ ಇದೇ ಕಲಮುಗಳೇ?

ಉತ್ತರ: ಅಲ್ಲ. ಮುಂಬಯಿಯ ಹೊರಗೆ ಕಲ್ಯಾಣ್–ಡೊಂಬಿವಲಿ, ಠಾಣೆ, ಪುಣೆ ಎಲ್ಲದಕ್ಕೂ 1949ರ ಮಹಾರಾಷ್ಟ್ರ ಮಹಾನಗರ ಪಾಲಿಕೆಗಳ ಕಾಯ್ದೆ. ಅಲ್ಲಿ ನೋಟಿಸಿಲ್ಲದೆ ತೆಗೆಯುವುದು ಕಲಂ 231, ಜಾಹೀರಾತು 244 ಮತ್ತು 245. ಹೂರಣ ಹೆಚ್ಚುಕಡಿಮೆ ಅದೇ.

ಪ್ರಶ್ನೆ (ಮಾಹಿಮ್, ಮೆಸ್): ಹೊಸ ಬೋರ್ಡ್ ಬರೆಸುತ್ತಿದ್ದೇವೆ. ಅಪ್ಪನ ಕಾಲದಿಂದ ಕನ್ನಡದಲ್ಲಿ ಹೆಸರಿತ್ತು, ಅದನ್ನು ಅಳಿಸಬೇಕೇ? ಮರಾಠಿ ಇಲ್ಲದಿದ್ದರೆ ಲಕ್ಷ ರೂಪಾಯಿ ದಂಡ ಎಂದು ಪೇಂಟರ್ ಹೆದರಿಸುತ್ತಿದ್ದಾನೆ. ನಾವು ಒಟ್ಟು ನಾಲ್ಕು ಜನ ಕೆಲಸದವರು.

ಉತ್ತರ: ಅಳಿಸಬೇಡಿ. ರಾಜ್ಯದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂತು. ಹತ್ತು ಜನಕ್ಕಿಂತ ಕಡಿಮೆ ಕೆಲಸದವರಿರುವ ಅಂಗಡಿಗೂ ಅದು ಅನ್ವಯ, ಹಾಗಾಗಿ ನಿಮಗೂ. ಅದು ಕೇಳುವುದು ಎರಡೇ: ದೇವನಾಗರಿಯ ಮರಾಠಿ ಹೆಸರು ಮೊದಲು ಬರಬೇಕು, ಅದರ ಅಕ್ಷರ ಬೇರೆ ಯಾವ ಭಾಷೆಯದ್ದಕ್ಕಿಂತಲೂ ಸಣ್ಣದಿರಬಾರದು. ಅದರ ಕೆಳಗೆ ಕನ್ನಡ, ಇಂಗ್ಲಿಷ್, ಏನು ಬೇಕಾದರೂ ಬರೆಸಿ. ಇದರ ವಿರುದ್ಧ ವ್ಯಾಪಾರಿಗಳು ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ಎರಡು ತಿಂಗಳ ಗಡುವು ಕೊಟ್ಟಿತು, ಅದು ಮುಗಿದು ಕಾಲವಾಯಿತು. ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕೆಂದು ಕರ್ನಾಟಕವೂ 2024ರಲ್ಲಿ ಕಾಯ್ದೆ ತಿದ್ದಿದೆ. ಹಾಗಾಗಿ ಈ ವಿಷಯದಲ್ಲಿ ನಾವು ಗೊಣಗಿದರೆ ಚೆನ್ನಾಗಿರುವುದಿಲ್ಲ.

ದಂಡದ ಬಗ್ಗೆ ನಿಮ್ಮ ಪೇಂಟರ್ ಅರ್ಧ ಓದಿದ್ದಾನೆ. ಕಾಯ್ದೆಯಲ್ಲಿ ಲಕ್ಷದ ಮಾತು ಇರುವುದು ನಿಜ, ಆದರೆ ಒಟ್ಟು ದಂಡ ಒಬ್ಬ ಕೆಲಸಗಾರನಿಗೆ 2,000 ರೂಪಾಯಿಯನ್ನು ಮೀರುವಂತಿಲ್ಲ ಎಂದೂ ಇದೆ. ನಾಲ್ಕು ಜನಕ್ಕೆ 8,000. ಅದನ್ನೂ ಯಾಕೆ ಕೊಡಬೇಕು?

ಅದೇ ಮೆಸ್: ಹಾಗಾದರೆ ಮೇಲೆ ಮರಾಠಿ ಒಂದಡಿ, ಕೆಳಗೆ ಕನ್ನಡವೂ ಒಂದಡಿ ಬರೆಸಲಾ?

ಉತ್ತರ: ಬರೆಸಿ. ಸಮ ಇದ್ದರೆ ತಪ್ಪಿಲ್ಲ. ಸೇಫ್ ಆಗಿರಲಿ ಎಂದಾದರೆ ಕನ್ನಡ ಅರ್ಧ ಇಂಚು ಕಡಿಮೆ ಮಾಡಿಸಿ, ಪೇಂಟರನ ಕೈ ಅಳತೆ ನಂಬಬೇಡಿ. ಬರೆಸಿದ ಮೇಲೆ ಟೇಪ್ ಹಿಡಿದು ಒಂದು ಫೋಟೋ ತೆಗೆದಿಡಿ, ಇನ್‌ಸ್ಪೆಕ್ಟರ್ ಬಂದರೆ ತೋರಿಸಲಿಕ್ಕೆ ಆಗುತ್ತದೆ. ಬೋರ್ಡಿಗೆ ದೀಪ ಹಾಕುವ ಯೋಚನೆ ಇದ್ದರೆ ಈಗಲೇ ಹೇಳಿ, ಅರ್ಜಿ ಮೊದಲು ಹಾಕೋಣ, ವೈರಿಂಗ್ ಆಮೇಲೆ.