ಸಹಾಯ ಬೇಕು: ಮಗು ಮಂಚ ಹಳೇದನ್ನ ರಿಪೇರಿ ಮಾಡ್ಸೋದಾ, ಹೊಸದು ತಗೊಳ್ಳೋದಾ?

ಎಲ್ರಿಗೂ ನಮಸ್ಕಾರ, ನಾವಿರೋದು ತುಮಕೂರು, ಹೆಂಡ್ತಿ ಬಾಣಂತನಕ್ಕೆ ಮಧುಗಿರಿಗೆ ತವರಿಗೆ ಹೋಗಿದಾಳೆ, ವಾಪಸ್ ಬರೋಷ್ಟ್ರಲ್ಲಿ ಮಗುಗೆ ಸುತ್ತ ಸರಳು ಇರೋ ಮಂಚ ಒಂದು ರೆಡಿ ಮಾಡಿಡೋಣ ಅಂತ. ಹುಟ್ಟೋಕ್ ಮುಂಚೆ ಒಂದು ಕುಲಾವಿನೂ ತರಬಾರ್ದು ಅಂತಾರೆ ನಮ್ಮಮ್ಮ, ಆ ಜಗಳ ಬೇರೆ ಬಿಡಿ.

ಎಂಜಿ ರೋಡ್, ಬಿಎಚ್ ರೋಡ್ ಎರಡೂ ಕಡೆ ಸುತ್ತಿದೀನಿ, ನಾನು ಟೇಪ್ ಹಿಡಿದು ಅಳೆದ್ರೆ ಅಂಗಡಿಯವರು ನಗ್ತಾರೆ. ಹಾಸಿಗೆ ಪಕ್ಕ ಎರಡು ಬೆರಳಿಗಿಂತ ಜಾಸ್ತಿ ಸಂದಿ ಇರಬಾರ್ದಲ್ವಾ, ಒಂದ್ರಲ್ಲಿ ಕೈಯೇ ಹೋಗ್ತಿತ್ತು.

ಅತ್ತೆ ಮನೇಲಿ ಹಳೇ ಹೊನ್ನೆ ಮರದ್ದಿದೆ, ಕಲ್ಲಿನ ಥರ ಗಟ್ಟಿ. ಆದ್ರೆ ಸರಳುಗಳ ಮಧ್ಯೆ 9 ಸೆಂಟಿಮೀಟರ್ ಗ್ಯಾಪು, 6ಕ್ಕಿಂತ ಜಾಸ್ತಿ ಇದ್ರೆ ಮೈ ನುಸುಳಿ ತಲೆ ಸಿಕ್ಕಾಕೊಳ್ಳತ್ತೆ. ಬಡಗಿ ಮಧ್ಯ ಮಧ್ಯ ಒಂದೊಂದು ಸರಳು ಕೂರಿಸ್ತೀನಿ ಅಂದ್ರು, ಅದು ಓಕೆ. ನಾನು ಸಿಕ್ಕಾಕೊಂಡಿರೋದು ಪೇಂಟ್ ವಿಷ್ಯಕ್ಕೆ, ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಲ್ಲು ಬರೋ ಟೈಮಲ್ಲಿ ಮಗು ಕಂಬಿ ಕಚ್ದೇ ಬಿಡತ್ತಾ, ಉಜ್ಜಿದ್ರೆ ಆ ಧೂಳೂ ಡೇಂಜರ್ರೇ.

ಹಿಂಗೆ ಹಳೇ ಮಂಚದ ಬಣ್ಣ ಪೂರ್ತಿ ತೆಗೆಸಿ ಬಳಸಿರೋರು ಯಾರಾದ್ರೂ ಇದೀರಾ? ಹೆಂಗೆ ತೆಗೆಸಿದ್ರಿ, ಮೇಲೆ ಏನು ಹಚ್ಚಿಸಿದ್ರಿ? ಇಲ್ಲಾ ಸುಮ್ನೆ ಹೊಸದೇ ತಗೊಳ್ಲಾ?